ಜನ್ಮಸ್ಥಳದ ಮೇಲೊಂದು ಗೆರೆ

ಆ ಪಟ್ಟಿಯಲ್ಲಿ ಮುನ್ನೂರು ಚಿಲ್ಲರೆ ಹೆಸರುಗಳಿದ್ದವು. ನಾನು ಕೆಂಪು ಬಣ್ಣ ಹಚ್ಚಿದ್ದು ಮೂವತ್ತು ಮೂವತ್ತೈದು ಸಾಲುಗಳಿಗೆ. ಇಸವಿ 2013 ಇರಬೇಕು. 2014 ಎಂದು ಯಾರಾದರೂ ಕಾಗದ ತೋರಿಸಿದರೆ ವಾದಿಸುವುದಿಲ್ಲ. ಇಲ್ಲಿ ಬರೆಯುವುದರಲ್ಲಿ ಅರ್ಧ ನನ್ನ ಆಗಿನ ನೋಟ್‌ಬುಕ್ಕಿನಲ್ಲಿದೆ, ಉಳಿದರ್ಧ ತಲೆಯಲ್ಲಿ ಮಾತ್ರ ಇದೆ. ತಲೆಯಲ್ಲಿರುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅನುಮಾನವಿರುವ ಕಡೆ ಹೇಳುತ್ತೇನೆ.

ನಮ್ಮ ಕಂಪೆನಿ ಅಬುಧಾಬಿಯ ಮರುಭೂಮಿಯಲ್ಲಿರುವ ಮದೀನತ್ ಜಾಯೆದ್ ಸುತ್ತಮುತ್ತಲಿನ ಗ್ಯಾಸ್ ಸ್ಥಾವರಗಳಿಗೆ ಪೈಪ್ ಕೆಲಸ ಮಾಡಿಕೊಡುತ್ತಿತ್ತು. ಸ್ಥಾವರವನ್ನು ಕೆಲವು ವಾರ ನಿಲ್ಲಿಸಿ ದುರಸ್ತಿ ಮಾಡುವ ಕಾಲಕ್ಕೆ ಎಲ್ಲರೂ ಶಟ್‌ಡೌನ್ ಎನ್ನುತ್ತಿದ್ದರು. ಒಳಗೆ ಕಾಲಿಡಬೇಕಾದರೆ ಪ್ರತಿಯೊಬ್ಬನಿಗೂ ಗೇಟ್ ಪಾಸ್ ಬೇಕು. ಆ ವರ್ಷ ಪಾಸುಗಳೆಲ್ಲ ಕಾಗದದಿಂದ ಕಂಪ್ಯೂಟರಿಗೆ ಹೋದವು. ಪಾಸ್‌ಪೋರ್ಟ್, ಇಲ್ಲಿನ ಗುರುತಿನ ಚೀಟಿ, ಕೆಲಸಕ್ಕೆ ಸೇರಿದ ದಿನ ಸ್ವಂತ ಕೈಯಲ್ಲಿ ತುಂಬಿಕೊಟ್ಟ ಅರ್ಜಿ, ಈ ಮೂರರಲ್ಲೂ ವಿವರಗಳು ಒಂದೇ ಇದ್ದರೆ ಪಾಸ್. ಇಲ್ಲದಿದ್ದರೆ ಇಲ್ಲ. ದುಬೈಯ ಜೆಬೆಲ್ ಅಲಿಯ ಕಚೇರಿಯಲ್ಲಿ ಕೂತು ತಾಳೆ ನೋಡುವ ಕೆಲಸ ನನಗೆ ಬಂತು. ಸಂಖ್ಯಾಶಾಸ್ತ್ರ ಓದಿದವನು ಎಂಬ ಒಂದೇ ಕಾರಣಕ್ಕೆ.

ಹೆಚ್ಚಿನ ತಪ್ಪುಗಳು ಸಾಧಾರಣ ತಪ್ಪುಗಳು. ತಿಂಗಳು ಮತ್ತು ತಾರೀಕು ಅದಲುಬದಲು, ಅಪ್ಪನ ಹೆಸರಿನ ಜಾಗದಲ್ಲಿ ಮನೆತನದ ಹೆಸರು. ಕೇರಳದವರು, ಪಂಜಾಬಿಗಳು, ನಮ್ಮ ಉಡುಪಿ ಕಡೆಯವರು, ಯಾರೂ ಹೊರತಲ್ಲ. ನನ್ನ ಸಾಲೂ ಕೆಂಪಾಗಿತ್ತು. ಹುಟ್ಟಿದ ಊರು ಮಂಗಳೂರು ಎಂದು ನಾನು ಬರೆದಿದ್ದೆ, ಪಾಸ್‌ಪೋರ್ಟಿನಲ್ಲಿ ಕುಂದಾಪುರ ಇತ್ತು. ಮಂಗಳೂರಿನ ಆಸ್ಪತ್ರೆಯ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಅಮ್ಮನಿಗೆ ಫೋನ್ ಮಾಡಿದರೆ ಅದು ಅಣ್ಣನ ಕಥೆ ಎಂದು ಗೊತ್ತಾಯಿತು.

"ಎಂತ ಮಾಷ್ಟ್ರೇ, ಊರಿನವರ ತಪ್ಪು ಹುಡುಕ್ಲಿಕ್ಕೆ ಕೂತವರಿಗೆ ಸ್ವಂತ ಹುಟ್ಟಿದ್ದೆಲ್ಲಿ ಅಂತ ಗೊತ್ತಿಲ್ವಾ?" ಎಂದು ನಮ್ಮ ಮ್ಯಾನೇಜರ್ ನಕ್ಕರು. ಪುತ್ತೂರು ಕಡೆಯ ಬ್ಯಾರಿ ಅವರು, ಎಂ.ಎಸ್ಸಿ. ಮಾಡಿದ ತಪ್ಪಿಗೆ ನನ್ನನ್ನು ಮಾಷ್ಟ್ರು ಮಾಡಿಬಿಟ್ಟಿದ್ದರು. ತಿದ್ದುಪಡಿಯ ಡಿಕ್ಲರೇಶನ್‌ಗೆ ಎರಡು ನಿಮಿಷದಲ್ಲಿ ಸಹಿ ಹಾಕಿದೆ. ಏನೂ ಅನಿಸಲಿಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು ಎಂಟು ಸಾಲುಗಳು. ಎಂಟೂ ಪ್ಯಾಲೆಸ್ಟೀನಿಯರದ್ದು. ಬೇರೆ ಕಾಲಮ್ಮುಗಳಲ್ಲಿ ಒಂದು ಅಕ್ಷರ ಆಚೀಚೆ ಇಲ್ಲ, ತಾಳೆಯಾಗದಿದ್ದದ್ದು ಜನ್ಮಸ್ಥಳ ಮಾತ್ರ. ಅವರ ಪ್ರಯಾಣದ ಕಾಗದಗಳಲ್ಲಿ ಅಮ್ಮಾನ್, ಡಮಾಸ್ಕಸ್, ಕುವೈತ್ ಮೊದಲಾದ ಹೆಸರುಗಳಿದ್ದವು, ಒಬ್ಬನದ್ದು ಕೆನಡಾದ ಯಾವುದೋ ನಗರ. ಕೈಬರಹದ ಅರ್ಜಿಗಳಲ್ಲಿ ಬೇರೆಯೇ ಹೆಸರುಗಳು. ಕೆಲವನ್ನು ಭೂಪಟದಲ್ಲಿ ಹುಡುಕಿದೆ. ಮೂರೋ ನಾಲ್ಕೋ ಊರುಗಳು ಈಗಿನ ಭೂಪಟದಲ್ಲಿ ಇರಲೇ ಇಲ್ಲ. ತಪ್ಪು ಎಂಬುದು ಚೆದುರಿ ಬೀಳುತ್ತದೆ, ಎಲ್ಲವೂ ಸೇರಿ ಒಂದೇ ಕಡೆ ಮುಖ ಮಾಡಿ ನಿಲ್ಲುವುದಿಲ್ಲ ಎಂದು ಕಲಿತವನು ನಾನು. ಇವು ನಿಂತಿದ್ದವು.

"ಅವರದ್ದು ಹಾಗೇ ಮಾರಾಯ್ರೆ," ಅಂದರು ಮ್ಯಾನೇಜರ್. "ಊರು ಯಾವುದು ಕೇಳಿದ್ರೆ ಅಜ್ಜನ ಊರು ಹೇಳುದು. ಸೈನ್ ಹಾಕಿಸಿ, ಖಲಾಸ್. ಶಟ್‌ಡೌನಿಗೆ ಮೂರು ವಾರ ಉಂಟು."

ಡಿಕ್ಲರೇಶನ್‌ನಲ್ಲಿ ಇದ್ದದ್ದು ಒಂದೇ ವಾಕ್ಯ: ನಾನು ಹಿಂದೆ ಕೊಟ್ಟ ಮಾಹಿತಿ ಸುಳ್ಳು, ಇದು ಸರಿ. ಏಳು ಜನ ಸಹಿ ಹಾಕಿದರು. ಎಂಟನೆಯವರು ಹಾಕಲಿಲ್ಲ.

ಅವರು ನಮ್ಮ ವೆಲ್ಡಿಂಗ್ ಇನ್‌ಸ್ಪೆಕ್ಟರ್. ಐವತ್ತೈದರ ಆಸುಪಾಸು. ವೆಲ್ಡರುಗಳಿಂದ ಹಿಡಿದು ಇಂಜಿನಿಯರರವರೆಗೆ ಎಲ್ಲರೂ ಅವರನ್ನು ಅಮ್ಮೋ ಎನ್ನುತ್ತಿದ್ದರು, ಅರಬ್ಬಿಯಲ್ಲಿ ಚಿಕ್ಕಪ್ಪ. ಮದೀನತ್ ಜಾಯೆದ್ ಹೊರವಲಯದಲ್ಲಿ, ಸ್ಥಾವರದ ಗೇಟಿನ ಹೊರಗಿದ್ದ ಕಿಟಕಿಯಿಲ್ಲದ ಒಂದು ಪೋರ್ಟಕ್ಯಾಬಿನ್ ಅವರ ರಾಜ್ಯ. ಬೆಸುಗೆ ಹಾಕಿದ ಪ್ರತಿ ಜೋಡಣೆಯ ಎಕ್ಸ್‌ರೇ ಫಿಲ್ಮ್ ಅಲ್ಲಿಗೆ ಬರುತ್ತದೆ. ಬೆಳಕಿನ ಪೆಟ್ಟಿಗೆಯ ಮೇಲೆ ಇಟ್ಟು, ಜೋಡಣೆಯ ನಂಬರ್ ಓದಿ, ಫಿಲ್ಮಿನ ಅಂಚಿನಲ್ಲಿ ಮೂಡಿದ ತೆಳು ತಂತಿಗಳ ಗುರುತನ್ನು ಮೊದಲು ಎಣಿಸುತ್ತಾರೆ. ಅತಿ ತೆಳುವಾದ ತಂತಿ ಕಾಣದಿದ್ದರೆ ಆ ಫಿಲ್ಮನ್ನು ನಂಬುವಂತಿಲ್ಲ, ಮತ್ತೆ ತೆಗೆಯಬೇಕು. ಆಮೇಲೆ ಭೂತಗನ್ನಡಿ ಹಿಡಿದು ಬೆಸುಗೆಯ ಉದ್ದಕ್ಕೂ ಇಂಚಿಂಚು ಸಾಗುತ್ತಾರೆ. ಗಾಳಿಗುಳ್ಳೆ, ಸಿಕ್ಕಿಕೊಂಡ ಕಿಟ್ಟ, ಕೂದಲೆಳೆಯ ಬಿರುಕು. ಗುಂಡುಸೂಜಿಯ ತಲೆಯಷ್ಟು ಅನುಮಾನವಿದ್ದರೂ ಕತ್ತರಿಸಿ ಮತ್ತೆ ಬೆಸೆಯಬೇಕು. ಪ್ರಾಜೆಕ್ಟ್ ಮ್ಯಾನೇಜರ್ ಬಾಗಿಲಲ್ಲಿ ನಿಂತು ಬೇಡಿಕೊಂಡರೂ ಅವರ ಪೆನ್ನು ಅಲುಗುತ್ತಿರಲಿಲ್ಲ. ಅವರ ಸಹಿಯಿದ್ದ ಪೈಪಿನ ಪಕ್ಕದಲ್ಲಿ ನಿಂತು ಜನ ಕೆಲಸ ಮಾಡುತ್ತಿದ್ದರು, ಅಷ್ಟೇ ಸಾಕಲ್ಲ.

ಇಂಥ ಮನುಷ್ಯ ಇಪ್ಪತ್ತೇಳು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ತಾನು ಹುಟ್ಟದ ಊರನ್ನು ಜನ್ಮಸ್ಥಳ ಎಂದು ಬರೆದುಕೊಟ್ಟದ್ದು ನನಗೆ ಜೀರ್ಣವಾಗಲಿಲ್ಲ.

"ಉಸ್ತಾದ್, ಸರಿ ಕಾಣದ್ದಕ್ಕೆ ಈ ಕೈ ಸಹಿ ಹಾಕುವುದಿಲ್ಲ," ಎಂದರು ಡಿಕ್ಲರೇಶನ್ ಓದಿ. ಸುಮಾರು ಮೂವತ್ತು ವರ್ಷ ಭಾರತದ ವೆಲ್ಡರುಗಳ ಜತೆಗಿದ್ದ ಅವರ ಮಾತು ಅರ್ಧ ಇಂಗ್ಲಿಷ್, ಅರ್ಧ ಹಿಂದಿ.

"ಆದರೆ ಅಮ್ಮೋ, ನೀವು ಹುಟ್ಟಿದ್ದು ಕುವೈತಿನಲ್ಲಿ."

"ಹೌದು."

"ಅರ್ಜಿಯಲ್ಲಿ ಜನ್ಮಸ್ಥಳ ಅಂತಲೇ ಕೇಳಿದ್ದಾರೆ."

"ಓದಿಯೇ ಬರೆದೆ. ನನ್ನ ತಂದೆ ಮೊದಲ ಬಾರಿ ನನ್ನ ಕೈಗೆ ಅರ್ಜಿ ಕೊಟ್ಟಾಗ ಇದನ್ನೇ ಬರೆ ಅಂದರು. ಅವರಿಗೂ ಓದಲು ಬರುತ್ತಿತ್ತು." ಫಿಲ್ಮನ್ನು ಪೆಟ್ಟಿಗೆಯಿಂದ ತೆಗೆದು ಲಕೋಟೆಗೆ ಸೇರಿಸಿದರು. "ಸುಳ್ಳು ಎಂದು ನಾನು ಸಹಿ ಹಾಕಲಾರೆ. ಮಾಫಿ, ಆಗುವುದಿಲ್ಲ."

ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರು ಯಾರೆಂದು ತಿಳಿಯುತ್ತದೆ. ಗಾಜಾದಿಂದ ಅರ್ಧ ದಿನ ನಡೆದರೆ ಸಿಗುತ್ತಿದ್ದ ಹಳ್ಳಿ. 1948ರಲ್ಲಿ ಖಾಲಿಯಾಯಿತು. ಅಜ್ಜ ಗಾಜಾಕ್ಕೆ ಬಂದರು, ಅಪ್ಪ ಕೆಲಸ ಹುಡುಕಿ ಕುವೈತಿಗೆ ಹೋದರು. ಅಮ್ಮೋ ಬಳಿ ಇದ್ದದ್ದು ಪಾಸ್‌ಪೋರ್ಟ್ ಅಲ್ಲ, ನಿರಾಶ್ರಿತರಿಗೆ ಈಜಿಪ್ಟ್ ಕೊಟ್ಟ ಪ್ರಯಾಣ ಪತ್ರ. ಅದನ್ನು ಕೊಟ್ಟ ದೇಶದೊಳಗೆ ಹೋಗಲೂ ಅವರಿಗೆ ವೀಸಾ ಬೇಕು. ಪಾಸ್ ಇಲ್ಲದಿದ್ದರೆ ಸೈಟಿಗೆ ಪ್ರವೇಶವಿಲ್ಲ. ಸೈಟಿಲ್ಲದ ಇನ್‌ಸ್ಪೆಕ್ಟರಿಗೆ ಕೆಲಸವಿಲ್ಲ, ಕೆಲಸವಿಲ್ಲದವನಿಗೆ ವೀಸಾ ಇಲ್ಲ. ಕೆಲಸ ಹೋದರೆ ನಾನು ಊರಿಗೆ ಹೋಗುತ್ತೇನೆ, ಬೈಸಿಕೊಳ್ಳುತ್ತೇನೆ, ಬೇರೆ ದಾರಿ ನೋಡುತ್ತೇನೆ. ಅವರು, ಅವರ ತಾಯಿ, ಹೆಂಡತಿ, ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮಗಳು, ಈ ನಾಲ್ವರಿಗೆ ಹಿಂತಿರುಗುವ ವಿಮಾನವೇ ಇರಲಿಲ್ಲ. ಮತ್ತು ಆ ಸಾಲಿಗೆ ಕೆಂಪು ಹಚ್ಚಿದವನು ನಾನು.

ಆಗ ನಾನು ಮಾಡಿದ ಕೆಲಸವನ್ನು ಬರೆಯಲು ಈಗಲೂ ಮುಜುಗರವಾಗುತ್ತದೆ. ಅರ್ಜಿಗಳ ಸ್ಕ್ಯಾನ್ ಕಳಿಸುವ ದಿನ ಅವರ ಅರ್ಜಿಯನ್ನು ಎತ್ತಿಕೊಂಡು, ಆ ಹೆಸರಿನ ಮೇಲೆ ವೈಟ್ನರ್ ಬಳಿದು, ಒಣಗಿದ ಮೇಲೆ ಅದೇ ನೀಲಿಯ ಬಾಲ್‌ಪೆನ್ನಿನಲ್ಲಿ ಕುವೈತ್ ಎಂದು ಬರೆದೆ. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವರಿಗೆ ತಿಳಿಯುವುದೇ ಬೇಡ, ಪಾಸ್ ಬಂದರಾಯಿತು.

ನಾಲ್ಕೇ ದಿನಕ್ಕೆ ಪಾಸ್ ಕಚೇರಿಯಿಂದ ಪತ್ರ ಬಂತು. ವೈಟ್ನರಿನ ನೆರಳು ಸ್ಕ್ಯಾನಿನಲ್ಲಿ ಮೂಡಿತ್ತು. ದಾಖಲೆ ತಿದ್ದಲಾಗಿದೆ, ಅರ್ಜಿದಾರ ಮೂಲ ಪ್ರತಿಯೊಂದಿಗೆ ಒಂದು ವಾರದೊಳಗೆ ಖುದ್ದಾಗಿ ಬಂದು ವಿವರಣೆ ಕೊಡಬೇಕು, ಅಲ್ಲಿಯವರೆಗೆ ಹಳೆಯ ಪಾಸೂ ಅಮಾನತು.

ಮ್ಯಾನೇಜರ್ ಪತ್ರ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವು ಕಲಿತವರಲ್ವಾ ಮಾಷ್ಟ್ರೇ? ಎಂತ ಮಾಡಿ ಹಾಕಿದ್ದು ಇದು? ನಾನು ಹೇಳಿದ್ದು ಸೈನ್ ಹಾಕಿಸಿ ಅಂತ, ನೀವೇ ಹುಟ್ಟಿಸಿ ಬಿಡಿ ಅಂತ ಅಲ್ಲ!" ಮತ್ತೆ ಸ್ವಲ್ಪ ತಗ್ಗಿದರು. "ಹೋಗಿ, ಅವರ ಹತ್ರ ಹೇಳಿ. ಫೋನಲ್ಲಿ ಅಲ್ಲ. ಎದುರಲ್ಲಿ ಹೇಳಿ."

ಜೆಬೆಲ್ ಅಲಿಯಿಂದ ಮದೀನತ್ ಜಾಯೆದ್‌ಗೆ ಎರಡೂವರೆ ಗಂಟೆಯ ದಾರಿ. ಹೇಳಬೇಕಾದ್ದನ್ನು ಹತ್ತು ರೀತಿಯಲ್ಲಿ ಜೋಡಿಸಿಕೊಂಡೆ. ಕ್ಯಾಬಿನ್ ಒಳಗೆ ಹೋಗಿ ಅರ್ಜಿಯನ್ನೇ ಮುಂದೆ ಇಟ್ಟೆ.

ಅಮ್ಮೋ ಅದನ್ನು ಓದಲಿಲ್ಲ. ಬೆರಳಿನಿಂದ ಆ ಬಿಳಿ ಪಟ್ಟಿಯನ್ನು ಮುಟ್ಟಿ ನೋಡಿದರು. "ನೀನು ಅಳಿಸಿದೆಯಾ?"

"ನಿಮಗೆ ತೊಂದರೆಯಾಗಬಾರದು ಅಂತ..."

"ಕುವೈತ್ ಬರೆದೆಯಾ ಅಂತ ಕೇಳಲಿಲ್ಲ. ಅಳಿಸಿದೆಯಾ?"

"ಹೌದು."

ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಅರ್ಜಿಯನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಬೋರಲು ಹಾಕಿ, ಫಿಲ್ಮಿಗೆ ಮಾಡುವ ಹಾಗೆ ದೀಪದ ಪ್ರಖರತೆಯನ್ನು ನಿಧಾನವಾಗಿ ಏರಿಸಿದರು. ಬಾಲ್‌ಪೆನ್ನಿನ ಒತ್ತಿಗೆ ಕಾಗದದ ಬೆನ್ನಿನಲ್ಲಿ ಅಕ್ಷರಗಳು ಉಬ್ಬಿದ್ದವು, ತಿರುಗುಮುರುಗಾಗಿ. ಊರಿನ ಹೆಸರು ಅಲ್ಲಿತ್ತು. ನನ್ನ ನೆನಪಿನಲ್ಲಿ ಅದು ಸ್ಫುಟವಾಗಿ ಹೊಳೆಯುತ್ತದೆ. ಅಷ್ಟು ಹೊಳೆದಿರಲಾರದು, ಆದರೆ ಓದಲು ಆಗುತ್ತಿತ್ತು; ಇದನ್ನು ಅದೇ ದಿನ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಆಮೇಲೆ ಅವರು ಕಾಗದವನ್ನು ಮಗುಚಿ, ಒಂದು ಬ್ಲೇಡ್ ತೆಗೆದು ಬಿಳಿಯನ್ನು ಪದರ ಪದರವಾಗಿ ಕೆರೆದರು. ನಾನು ಬರೆದ ಕುವೈತ್ ಪುಡಿಯಾಗಿ ಉದುರಿತು. ಕಾಲು ಗಂಟೆ ಹಿಡಿಯಿತು. ಕಾಗದ ಎಲ್ಲೂ ಹರಿಯಲಿಲ್ಲ.

ಬಳಿಕ ಬೆಸುಗೆಯ ದಿನಚರಿ ಪುಸ್ತಕ ತೆರೆದು ನನ್ನ ಕಡೆ ತಿರುಗಿಸಿದರು. "ನಾನೂ ತಪ್ಪು ಬರೆಯುತ್ತೇನೆ. ಇಲ್ಲಿ ಹದಿನೇಳರ ಬದಲು ಹನ್ನೊಂದು ಬರೆದಿದ್ದೆ. ಏನು ಮಾಡಿದ್ದೇನೆ ನೋಡು. ಒಂದೇ ಗೆರೆ. ಕೆಳಗಿನದು ಓದಲು ಬರಬೇಕು. ಪಕ್ಕದಲ್ಲಿ ಸರಿಯಾದದ್ದು, ಸಹಿ, ತಾರೀಕು. ನಾಳೆ ಪೈಪ್ ಸಿಡಿದರೆ, ಇವನು ಮೊದಲು ಏನು ಬರೆದಿದ್ದ, ಯಾವಾಗ ಬದಲಿಸಿದ, ಯಾಕೆ ಅಂತ ಯಾರಾದರೂ ಕೇಳುತ್ತಾರೆ. ಅಳಿಸಿದವನ ಬಳಿ ಉತ್ತರ ಇರುವುದಿಲ್ಲ. ನನ್ನ ಕ್ಯಾಬಿನ್ನಿನಲ್ಲಿ ವೈಟ್ನರ್ ಬಾಟಲಿ ಕಂಡರೆ ನಾನು ಹೊರಗೆ ಎಸೆಯುತ್ತೇನೆ, ಗೊತ್ತಾ?"

ನನಗೆ ಹೊಳೆದದ್ದು ಆಗ. ದಾಖಲೆಗಳನ್ನು ತಿದ್ದುವ ಈ ಕ್ರಮ ಕಂಪೆನಿಯ ಗುಣಮಟ್ಟದ ಕೈಪಿಡಿಯಲ್ಲಿತ್ತು. ಅದು ಬೆಸುಗೆಯ ಪುಸ್ತಕಕ್ಕೆ ಮಾತ್ರ ಎಂದು ಎಲ್ಲೂ ಹೇಳಿರಲಿಲ್ಲ. "ಅಮ್ಮೋ, ಇದರಲ್ಲೂ ಹೀಗೇ ಮಾಡಬಹುದಲ್ಲ? ಸುಳ್ಳು ಎಂದು ಸಹಿ ಹಾಕಬೇಕಾಗಿಲ್ಲ. ಒಂದು ಗೆರೆ ಎಳೆದರೆ ಸಾಕು. ಹೆಸರು ಹಾಗೇ ಇರುತ್ತದೆ. ಕೈಪಿಡಿಯ ಪುಟ ಹಿಡಿದುಕೊಂಡು ನಾನೂ ನಿಮ್ಮ ಜತೆ ಬರುತ್ತೇನೆ."

ಅವರು ಪೆನ್ನು ತೆಗೆದರು. ಮುಚ್ಚಳ ಬಿಚ್ಚಿದರು. ಆ ಹೆಸರಿನ ಮುಂದೆ ಪೆನ್ನಿನ ತುದಿ ಸುಮಾರು ಹೊತ್ತು ನಿಂತಿತ್ತು. ಮತ್ತೆ ಮುಚ್ಚಳ ಹಾಕಿದರು.

"ಶುಕ್ರವಾರ ನಮಾಜಿನ ನಂತರ ಮನೆಗೆ ಬಾ," ಎಂದರು. "ಇದು ನಾನೊಬ್ಬನೇ ಬರೆದದ್ದಲ್ಲ."

ಆ ಎರಡು ದಿನದಲ್ಲಿ ಕೈಪಿಡಿಯ ಪುಟವನ್ನು ಹುಡುಕಿ ಪ್ರತಿ ಮಾಡಿಸಿಟ್ಟುಕೊಂಡೆ.

ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಒಂದು ವಿಲ್ಲಾವನ್ನು ಭಾಗ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಹಿಂಬದಿಯ ಭಾಗ ಅಮ್ಮೋ ಅವರದ್ದು. ಊಟವಾದ ಮೇಲೆ ಅವರು ಅರ್ಜಿಯನ್ನು ತಾಯಿಯ ಮುಂದಿಟ್ಟರು. ಎಪ್ಪತ್ತು ದಾಟಿದ ಸಣ್ಣ ದೇಹದ ಹೆಂಗಸು. ಊರು ಬಿಟ್ಟಾಗ ಎಂಟೋ ಒಂಬತ್ತೋ ವರ್ಷ. ಆ ಮನೆಯಲ್ಲಿ ಆ ಊರನ್ನು ಕಂಡಿದ್ದವರು ಅವರೊಬ್ಬರೇ. ಮಾತುಕತೆ ಅರಬ್ಬಿಯಲ್ಲಿ ನಡೆಯಿತು. ಮಗಳು ನನ್ನ ಪಕ್ಕ ಕೂತು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು, ಹಾಗಾಗಿ ಮುಂದಿನದು ಅವಳ ಅನುವಾದದ ನನ್ನ ನೆನಪು.

ಅಮ್ಮೋ ವಿಷಯ ಹೇಳಿ ಮುಗಿಸಿದರು. ಮುದುಕಿ ಕೇಳಿದ್ದು ಒಂದೇ: "ಇದರಲ್ಲಿ ಏನಂತ ಬರೆದಿದ್ದೀ?"

ಅವರು ಊರಿನ ಹೆಸರು ಹೇಳಿದರು.

"ಅಲ್ಲಿ ಹುಟ್ಟಿದೆ ಅಂತ?"

"ಅಪ್ಪ ಹೇಳಿದ್ದು, ಯಮ್ಮಾ."

"ಅಪ್ಪ ಹೆತ್ತರಾ ನಿನ್ನನ್ನು?" ಮೊಮ್ಮಗಳು ಅನುವಾದ ನಿಲ್ಲಿಸಿ ನಕ್ಕಳು, ಮುದುಕಿ ನಗಲಿಲ್ಲ. "ಹೆತ್ತವಳು ನಾನು. ಎಲ್ಲಿ ಅಂತ ನನ್ನನ್ನು ಕೇಳು. ಕುವೈತಿನಲ್ಲಿ, ಆಗಸ್ಟ್ ತಿಂಗಳು, ಫ್ಯಾನ್ ಕೆಟ್ಟಿತ್ತು. ನಿನ್ನಪ್ಪ ಬಾಗಿಲ ಹೊರಗೆ ಸಿಗರೇಟು ಸೇದುತ್ತ ಕೂತಿದ್ದ. ಆ ಸೆಖೆ ನನಗೆ ಇನ್ನೂ ನೆನಪಿದೆ, ಇವನು ಅದನ್ನು ಎಲ್ಲೋ ಬರೆದು ಬಿಟ್ಟಿದ್ದಾನೆ!"

"ಬಾಬಾ, ನಾನು ಆವತ್ತೇ ಹೇಳಲಿಲ್ವಾ," ಅಂದಳು ಮಗಳು. "ಅದು ಅರ್ಜಿ, ಕವಿತೆ ಅಲ್ಲ."

"ನೀನು ಸುಮ್ಮನಿರು. ನೀನು ಅಬುಧಾಬಿ ಅಂತ ಬರೆದವಳು," ಅಂದರು ಅಮ್ಮೋ.

"ಹುಟ್ಟಿದ್ದು ಇಲ್ಲಿ, ಇನ್ನೇನು ಬರೆಯಲಿ?"

"ಯಮ್ಮಾ," ಅಮ್ಮೋ ದನಿ ತಗ್ಗಿತು. ಅಂಥ ದನಿಯನ್ನು ಸೈಟಿನಲ್ಲಿ ನಾನು ಕೇಳಿರಲಿಲ್ಲ. "ನನ್ನ ಕಾಗದಗಳಲ್ಲಿ ಇದೊಂದು ಕಡೆಯಲ್ಲಿ ಅದು ಬರೆದಿತ್ತು. ಬೇರೆ ಎಲ್ಲೂ ಇಲ್ಲ. ಇದನ್ನೂ ಹೊಡೆದು ಹಾಕಿದರೆ ನಾನು ಅಲ್ಲಿಯವನು ಅನ್ನುವುದಕ್ಕೆ ಏನು ಉಳಿಯಿತು?"

ಮುದುಕಿ ಅರ್ಜಿಯನ್ನು ತನ್ನ ಕಡೆ ಎಳೆದುಕೊಂಡರು. ಆಮೇಲೆ ಹೇಳಿದ್ದನ್ನು ಮೊಮ್ಮಗಳು ಎರಡು ಸಲ ಅನುವಾದ ಮಾಡಿದಳು, ಮೊದಲ ಸಲ ಸರಿ ಬರಲಿಲ್ಲವೆಂದು.

"ಅಲ್ಲಿ ಹುಟ್ಟಿದ್ದು ನಾನು. ನನ್ನ ಕಾಗದದಲ್ಲಿ ಅದು ಸರಿಯಾಗಿಯೇ ಇದೆ. ಹುಟ್ಟಿದವರಿಗೆ ಮಾತ್ರ ಊರು ಅಂತ ನೀನೂ ಒಪ್ಪಿದ ಹಾಗಾಯಿತಲ್ಲ, ಅಲ್ಲೇ ಹುಟ್ಟಿದೆ ಅಂತ ಬರೆದು? ಹಾಗಾದರೆ ನಾನು ಸತ್ತ ದಿನ ಊರೂ ಮುಗಿಯಿತು. ಈ ಹುಡುಗಿಗೆ ಏನು ಕೊಡುತ್ತೀ? ಕುವೈತ್ ಅಂತ ಬರೆ. ಕುವೈತಿನಲ್ಲಿ ಹುಟ್ಟಿದವನೂ ನಮ್ಮ ಊರಿನವನು, ಅಬುಧಾಬಿಯಲ್ಲಿ ಹುಟ್ಟಿದವಳೂ ನಮ್ಮ ಊರಿನವಳು. ಆಗ ಊರು ಬಿಡಿಸಿದವರು ನಮ್ಮನ್ನು ಎಲ್ಲಿ ಅಂತ ಮುಗಿಸುತ್ತಾರೆ?"

ನಾನು ಆಗ ಏನು ಯೋಚಿಸಿದೆ ಎಂದು ನೋಟ್‌ಬುಕ್ಕಿನಲ್ಲಿಲ್ಲ. ನೆಲವನ್ನು ಕಳೆದುಕೊಂಡವರ ಮಾತುಗಳನ್ನು ನಾನು ಅದುವರೆಗೆ ಸ್ವಲ್ಪ ಅನುಮಾನದಿಂದಲೇ ಕೇಳುತ್ತಿದ್ದೆ. ದೂರದಿಂದ ಎಲ್ಲವೂ ಚೆಂದ ಕಾಣುತ್ತದೆ, ನೆನಪು ಬಣ್ಣ ಹಚ್ಚುತ್ತದೆ ಎಂದು ವಾದಿಸುವವನು. ಈ ಹೆಂಗಸು ಊರಿನ ಮರಗಳನ್ನಾಗಲಿ ಬಾವಿಯನ್ನಾಗಲಿ ವರ್ಣಿಸಲಿಲ್ಲ. ಸುಳ್ಳಿನ ಆಸರೆ ಬೇಡವೆಂದರು, ಅಷ್ಟೇ. ನನ್ನ ಅನುಮಾನಕ್ಕೆ ಅಲ್ಲಿ ಕೆಲಸವಿರಲಿಲ್ಲ.

ಅಮ್ಮೋ ಮಗಳ ಸ್ಕೇಲ್ ಕೇಳಿ ತರಿಸಿದರು. ಊರಿನ ಹೆಸರಿನ ನಟ್ಟನಡುವೆ, ತೆಳುವಾಗಿ, ಒಂದು ಗೆರೆ ಎಳೆದರು. ಪಕ್ಕದಲ್ಲಿ ಕುವೈತ್. ಸಹಿ, ತಾರೀಕು. ತಾಯಿ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ಗೆರೆಯ ಕೆಳಗಿನದನ್ನು ಗಟ್ಟಿಯಾಗಿ ಓದಿದರು. ಓದಲು ಬರುತ್ತದೆ ಎಂದು ಖಾತ್ರಿ ಮಾಡಿಕೊಂಡು ವಾಪಸು ಕೊಟ್ಟರು.

ಅಲ್ಲಿ ವಾರದ ಕೆಲಸ ಶುರುವಾಗುವ ಭಾನುವಾರ ಬೆಳಿಗ್ಗೆ ಪಾಸ್ ಕಚೇರಿಗೆ ಹೋದೆವು. ಕೌಂಟರಿನಲ್ಲಿದ್ದದ್ದು ಇಪ್ಪತ್ತೈದರ ಒಳಗಿನ ಸ್ಥಳೀಯ ಎಮಿರಾತಿ ಅಧಿಕಾರಿ. ಕೈಪಿಡಿಯ ಪುಟದ ಜತೆ ನನ್ನದೊಂದು ಲಿಖಿತ ಹೇಳಿಕೆ ಕೊಟ್ಟೆ: ವೈಟ್ನರ್ ಬಳಿದವನು ನಾನು, ಅರ್ಜಿದಾರನಿಗೆ ಗೊತ್ತಿರಲಿಲ್ಲ. ಹುಡುಗ ಓದಿ ನನ್ನನ್ನು ಒಂದು ಸಲ ನೋಡಿದ; ಆ ನೋಟ ಸಾಕಾಗಿತ್ತು. ಒಳಗೆ ಹೋಗಿ ಮೇಲಿನವರನ್ನು ಕೇಳಿ ಬಂದ. ಮುಕ್ಕಾಲು ಗಂಟೆ ಕಾದೆವು. ಅಷ್ಟು ಹೊತ್ತೂ ಅಮ್ಮೋ ನೆಟ್ಟಗೆ ಕೂತಿದ್ದರು, ತೊಡೆಯ ಮೇಲೆ ಹೆಲ್ಮೆಟ್ ಇಟ್ಟುಕೊಂಡು. ಕೊನೆಗೆ ಹುಡುಗ ಅರ್ಜಿಯ ಮೇಲೆ ಠಸ್ಸೆ ಒತ್ತಿದ. ಜನ್ಮಸ್ಥಳದಲ್ಲಿ ಕುವೈತ್ ಎಂದು ಟೈಪ್ ಮಾಡಿದ. ನನಗೆ ಕಂಪೆನಿಯಿಂದ ಎಚ್ಚರಿಕೆಯ ಪತ್ರ ಕೊಡಿಸಬೇಕೆಂದು ಹೇಳಿದ; ಮ್ಯಾನೇಜರ್ ಅದನ್ನು ಮರುದಿನವೇ ಸಂತೋಷದಿಂದ ಕೊಟ್ಟರು.

ಪಾಸ್ ಮುದ್ರಣವಾಗುವಾಗ ಹುಡುಗ ಗೆರೆಯ ಕೆಳಗಿನ ಹೆಸರಿನ ಮೇಲೆ ಬೆರಳಿಟ್ಟು, "ಅಮ್ಮೋ, ನೀವು ಎಲ್ಲಿಯವರು?" ಎಂದು ಕೇಳಿದ. ಅಮ್ಮೋ ಆ ಹೆಸರು ಹೇಳಿದರು. ಹುಡುಗ ತಲೆಯಾಡಿಸಿದ. ಹೀಗೆಂದು ನನಗೆ ನೆನಪು. ಹುಡುಗ ಕೇಳಲೇ ಇಲ್ಲ, ತಾನಾಗಿ ಹೇಳಿದ್ದು ಎನ್ನುತ್ತಾರೆ ಅಮ್ಮೋ. ಇದರ ಬಗ್ಗೆ ನೋಟ್‌ಬುಕ್ಕಿನಲ್ಲಿ ಒಂದು ಸಾಲೂ ಇಲ್ಲ.

ಹೊರಗೆ ಪಾರ್ಕಿಂಗಿನಲ್ಲಿ ಕಾರಿನ ಬಾಗಿಲು ತೆರೆದಿಟ್ಟು, ಬಿಸಿ ಗಾಳಿ ಹೋಗಲಿ ಎಂದು ಕಾಯುತ್ತ ನಿಂತಾಗ ಅವರು ತಾಯಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು. ಅಷ್ಟು ಅರಬ್ಬಿ ನನಗೂ ಅರ್ಥವಾಗುತ್ತಿತ್ತು.

"ಪಾಸ್ ಸಿಕ್ಕಿತು, ಯಮ್ಮಾ."

"ಏನಂತ ಬರೆದರು?"

"ಕುವೈತ್."

"ಮತ್ತೆ ನೀನು ಬಾಯಲ್ಲಿ ಏನಂತ ಹೇಳಿದೆ?"

ಅಮ್ಮೋ ಊರಿನ ಹೆಸರು ಹೇಳಿದರು.

"ಹಾಂ. ಬರುವಾಗ ಮೊಸರು ತಾ," ಎಂದು ಆಕೆ ಫೋನ್ ಇಟ್ಟರು. ಮೊಸರೋ ರೊಟ್ಟಿಯೋ, ಅದರಲ್ಲಿ ನನಗೆ ಅನುಮಾನವಿದೆ.